ಲೆಕ್ಕ ಕೇಳದ ಭಕ್ತರು, ಲೆಕ್ಕ ಕೊಡದ ಬೋಧಕರು

ಅಮೇರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಒಂದು ಬೃಹತ್ ಒಳಾಂಗಣ ಕ್ರೀಡಾಂಗಣವಿತ್ತು. ಹ್ಯೂಸ್ಟನ್ ರಾಕೆಟ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ ವರ್ಷಗಟ್ಟಲೆ ಅಲ್ಲಿ ಆಡಿತ್ತು. 2005ರ ಜುಲೈಯಲ್ಲಿ ಆ ಕ್ರೀಡಾಂಗಣ ಚರ್ಚ್ ಆಗಿ ಬದಲಾಯಿತು. ಹೆಸರು ಲೇಕ್‌ವುಡ್ ಚರ್ಚ್. ಸುಮಾರು 16 ಸಾವಿರ ಆಸನಗಳು, ದೈತ್ಯ ಪರದೆಗಳು, ವಾದ್ಯವೃಂದ, ದೀಪಾಲಂಕಾರ, ನೇರ ಪ್ರಸಾರದ ಕ್ಯಾಮರಾಗಳು. ವೇದಿಕೆಯ ಮೇಲೆ ಸದಾ ಮುಗುಳ್ನಗುವ ಜೋಯೆಲ್ ಆಸ್ಟೀನ್. 1959ರಲ್ಲಿ ಇದೇ ನಗರದ ಪಾಳುಬಿದ್ದ ಪಶು ಆಹಾರದ ಅಂಗಡಿಯೊಂದರಲ್ಲಿ ಇವರ ತಂದೆ ಜಾನ್ ಆಸ್ಟೀನ್ ಆರಂಭಿಸಿದ ಪುಟ್ಟ ಸಭೆ ಇದು. 1999ರಲ್ಲಿ ತಂದೆ ತೀರಿಕೊಂಡ ಬಳಿಕ ಮಗ ಅದರ ನೇತೃತ್ವ ವಹಿಸಿಕೊಂಡರು.

2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ನಗರವನ್ನು ಮುಳುಗಿಸಿದಾಗ ಜನರು ಸಹಜವಾಗಿಯೇ ಈ ಕಟ್ಟಡದತ್ತ ನೋಡಿದರು. ಸಾವಿರಾರು ಮಂದಿ ಮನೆ ಕಳಕೊಂಡು ಆಶ್ರಯ ಹುಡುಕುತ್ತಿದ್ದರು. ಆದರೆ ಮೊದಲ ದಿನಗಳಲ್ಲಿ ಚರ್ಚಿನ ಬಾಗಿಲು ತೆರೆಯಲಿಲ್ಲ. ಸುತ್ತಲೂ ನೀರು ತುಂಬಿದೆ, ಒಳಗೆ ಬರಲು ಸಾಧ್ಯವಿಲ್ಲ ಎಂದು ಚರ್ಚ್ ಹೇಳಿತು. ಪ್ರವೇಶಕ್ಕೆ ಅಡ್ಡಿಯಿಲ್ಲದಂತೆ ಕಾಣುವ ಚಿತ್ರಗಳನ್ನು ಜನರು ಹಂಚಿಕೊಂಡರು. ಟೀಕೆಗಳ ಸುರಿಮಳೆಯಾದ ಬಳಿಕ ಬಾಗಿಲು ತೆರೆಯಿತು, ನಿರಾಶ್ರಿತರಿಗೆ ಜಾಗ ಸಿಕ್ಕಿತು. ಕಟ್ಟಡಕ್ಕೆ ನೀರು ನುಗ್ಗುವ ಅಪಾಯವಿತ್ತು ಎಂಬ ಅವರ ಸಮಜಾಯಿಷಿಯನ್ನು ನಾವು ಒಪ್ಪಿಕೊಳ್ಳೋಣ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ನಗರದಲ್ಲಿ ಇನ್ನೂ ಎಷ್ಟೋ ಆರಾಧನಾಲಯಗಳಿದ್ದರೂ ಜಗತ್ತು ಈ ಒಂದೇ ಚರ್ಚನ್ನು ಅಷ್ಟೊಂದು ಅನುಮಾನದಿಂದ ನೋಡಿದ್ದೇಕೆ? ಜನರ ಮನಸ್ಸಿನಲ್ಲಿ ಆ ಅನುಮಾನ ಮೊದಲೇ ಮನೆಮಾಡಿತ್ತು ಎಂಬುದೇ ಅದಕ್ಕೆ ಉತ್ತರ. ಆ ಅನುಮಾನಕ್ಕೆ ಕಾರಣವಾದ ಇತಿಹಾಸವನ್ನು ನಾವು ತಿಳಿದುಕೊಳ್ಳಬೇಕಾಗಿದೆ.

ವಾರಾಂತ್ಯದ ಆರಾಧನೆಗೆ ಸರಾಸರಿ 2 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರುವ ಪ್ರೊಟೆಸ್ಟೆಂಟ್ ಚರ್ಚನ್ನು ‘ಮೆಗಾ ಚರ್ಚ್’ ಎನ್ನಲಾಗುತ್ತದೆ. ಅಮೇರಿಕ ಒಂದರಲ್ಲೇ ಇಂತಹ ಸಾವಿರಕ್ಕೂ ಹೆಚ್ಚು ಚರ್ಚ್‌ಗಳಿವೆ. ದಕ್ಷಿಣ ಕೊರಿಯ, ಸಿಂಗಾಪುರ, ಆಸ್ಟ್ರೇಲಿಯ, ನೈಜೀರಿಯಾಗಳಲ್ಲೂ ಇವೆ. ಇವನ್ನು ‘ಮೂಢರ ಸಂತೆ’ ಎಂದು ಲೇವಡಿ ಮಾಡುವುದು ಸುಲಭ. ಆದರೆ ಲೇವಡಿಯಿಂದ ಏನೂ ಅರ್ಥವಾಗುವುದಿಲ್ಲ. ಲಕ್ಷಾಂತರ ವಿದ್ಯಾವಂತ ಕುಟುಂಬಗಳು ವಾರಕ್ಕೊಮ್ಮೆ ಹತ್ತಾರು ಮೈಲಿ ಕಾರು ಓಡಿಸಿಕೊಂಡು ಒಂದು ಕಡೆ ಸೇರುತ್ತವೆಂದರೆ, ಅವರಿಗೆ ಅಲ್ಲಿ ಏನೋ ಸಿಗುತ್ತಿದೆ ಎಂದೇ ಅರ್ಥ. ಅದೇನು?

ಮೊದಲ ಉತ್ತರ, ಸಾಂಗತ್ಯ. ಅಮೇರಿಕದ ನಗರಗಳ ಹೊರವಲಯಗಳಲ್ಲಿ ಮನೆಗಳಿವೆ, ನೆರೆಹೊರೆಯಿಲ್ಲ. ರಸ್ತೆಗಳಿವೆ, ನಡೆದಾಡುವವರಿಲ್ಲ. ಉದ್ಯೋಗಕ್ಕಾಗಿ ಊರೂರು ಬದಲಾಯಿಸುವ ಕುಟುಂಬಗಳಿಗೆ ಅಜ್ಜ-ಅಜ್ಜಿಯರೂ ಇಲ್ಲ, ಬಂಧು-ಬಳಗವೂ ಇಲ್ಲ. 1975ರಲ್ಲಿ ಶಿಕಾಗೋ ಸಮೀಪ ವಿಲ್ಲೋ ಕ್ರೀಕ್ ಚರ್ಚನ್ನು ಆರಂಭಿಸಿದ ಬಿಲ್ ಹೈಬಲ್ಸ್ ಮತ್ತು ಅವರ ಗೆಳೆಯರು ಮನೆಮನೆಯ ಬಾಗಿಲು ತಟ್ಟಿ, ‘ನೀವು ಚರ್ಚಿಗೆ ಯಾಕೆ ಹೋಗುತ್ತಿಲ್ಲ?’ ಎಂದು ಕೇಳಿದರು. ಸಿಕ್ಕ ಉತ್ತರಗಳ ಮೇಲೆ ಚರ್ಚನ್ನು ಕಟ್ಟಿದರು. ಬಾಡಿಗೆಯ ಚಿತ್ರಮಂದಿರದಲ್ಲಿ ಸಭೆ, ಅರ್ಥವಾಗುವ ಭಾಷೆ, ಹೊಸಕಾಲದ ಸಂಗೀತ, ನಾಟಕ. ಧಾರ್ಮಿಕ ಕೇಂದ್ರವೊಂದು ಜನರಿಗೆ ಉಪದೇಶಿಸುವ ಮೊದಲು ಅವರ ಮಾತಿಗೆ ಕಿವಿಗೊಟ್ಟಿತು. ಇದು ಸಣ್ಣ ವಿಷಯವೇ?

ಎರಡನೆಯದು, ಸೇವೆ. ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನಲ್ಲಿ 1991ರಲ್ಲಿ ಆರಂಭವಾದ ‘ಸೆಲೆಬ್ರೇಟ್ ರಿಕವರಿ’ ಎಂಬ ಕಾರ್ಯಕ್ರಮ ಮದ್ಯ ಮತ್ತು ಮಾದಕ ವ್ಯಸನಿಗಳಿಗಾಗಿ ರೂಪುಗೊಂಡದ್ದು. ಇಂದು ಅದು ಸಾವಿರಾರು ಚರ್ಚ್‌ಗಳಲ್ಲಿ ನಡೆಯುತ್ತಿದೆ. ವಿಚ್ಛೇದಿತರಿಗೆ, ವಿಧವೆಯರಿಗೆ, ಸಾಲದಲ್ಲಿ ಮುಳುಗಿದವರಿಗೆ ಪ್ರತ್ಯೇಕ ಗುಂಪುಗಳಿವೆ. ಮಕ್ಕಳಿಗೆ ಆಟದ ಕೊಠಡಿ, ಹದಿಹರೆಯದವರಿಗೆ ಮಾತಾಡಲು ಜಾಗ ಇದೆ. ಕರಿಯರು, ಬಿಳಿಯರು, ಸ್ಪ್ಯಾನಿಷ್ ಭಾಷಿಕರು ಒಂದೇ ಸೂರಿನಡಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ದೃಶ್ಯ ಲೇಕ್‌ವುಡ್‌ನಲ್ಲಿ ಕಾಣಸಿಗುತ್ತದೆ. ಭಾನುವಾರದ ಪ್ರಾರ್ಥನೆಯ ಹೊತ್ತೇ ಅಮೇರಿಕದಲ್ಲಿ ಅತ್ಯಂತ ವರ್ಣಭೇದದ ಹೊತ್ತು ಎಂದು ಮಾರ್ಟಿನ್ ಲೂಥರ್ ಕಿಂಗ್ ನೊಂದು ಹೇಳಿದ್ದ ದೇಶದಲ್ಲಿ ಇದು ಕಡೆಗಣಿಸುವ ಸಾಧನೆಯಲ್ಲ.

ಮೂರನೆಯದು, ಭರವಸೆ. ಕೊರಿಯ ಯುದ್ಧ ಮುಗಿದು ಐದು ವರ್ಷಗಳಾಗಿದ್ದವು. ಸಿಯೋಲ್ ನಗರದ ಬಡವರ ಕೇರಿಯಲ್ಲಿ 1958ರಲ್ಲಿ ಚೋ ಯಾಂಗ್-ಗಿ ಎಂಬ ಯುವಕ ಬೆರಳೆಣಿಕೆಯ ಮಂದಿಯೊಂದಿಗೆ ಪ್ರಾರ್ಥನೆ ಆರಂಭಿಸಿದರು. ಮುಂದೆ ಒಂದು ಡೇರೆಯೇ ಅವರ ಚರ್ಚ್ ಆಯಿತು. ಹಸಿದವರಿಗೆ ಅವರು ಪರಲೋಕದ ಜೊತೆಗೆ ಇಹಲೋಕದ ಆಸೆಯನ್ನೂ ಹುಟ್ಟಿಸಿದರು. ಅನಾರೋಗ್ಯದಿಂದ ಬಳಲಿದಾಗ ಮನೆಮನೆಯ ಸಣ್ಣ ಪ್ರಾರ್ಥನಾ ಕೂಟಗಳ ಹೊಣೆಯನ್ನು ಮಹಿಳೆಯರಿಗೆ ವಹಿಸಿದರು. ಪುರುಷ ಪ್ರಾಬಲ್ಯದ ಆ ಸಮಾಜದಲ್ಲಿ ಅದೊಂದು ಕ್ರಾಂತಿ. ಆ ಮಹಿಳೆಯರ ಶ್ರಮದಿಂದಲೇ ಯೊಯಿಡೊ ಫುಲ್ ಗಾಸ್ಪೆಲ್ ಚರ್ಚ್ ಜಗತ್ತಿನ ಅತಿದೊಡ್ಡ ಚರ್ಚ್ ಎನಿಸಿಕೊಂಡಿತು. ಸದಸ್ಯರ ಸಂಖ್ಯೆ 7 ಲಕ್ಷ ದಾಟಿದೆ ಎಂದು ಅದು ಹೇಳಿಕೊಂಡಿತ್ತು.

ಆಕರ್ಷಣೆಯನ್ನು ನಾವು ಇಷ್ಟು ಉದ್ದಕ್ಕೆ ವಿವರಿಸಿದ್ದಕ್ಕೆ ಕಾರಣವಿದೆ. ಅಪಾಯವು ಬರುವುದೂ ಇದೇ ಬಾಗಿಲಿನಿಂದ. ಒಂಟಿಯಾದವನಿಗೆ ಬಂಧುಗಳನ್ನು ಕೊಟ್ಟವನು ದೇವದೂತನಂತೆ ಕಾಣುತ್ತಾನೆ. ಮಗನನ್ನು ಮದ್ಯದಿಂದ ಬಿಡಿಸಿದ ಬೋಧಕನ ಮುಂದೆ ತಾಯಿ ಲೆಕ್ಕಪತ್ರ ಕೇಳುವುದಿಲ್ಲ. ಕೃತಜ್ಞತೆ ಮೆಲ್ಲನೆ ಶರಣಾಗತಿಯಾಗುತ್ತದೆ.

ಆ ಶರಣಾಗತಿಯನ್ನು ಹಣವಾಗಿ ಪರಿವರ್ತಿಸುವ ಒಂದು ಸಿದ್ಧಾಂತವೂ ಇದೆ. ಅದರ ಹೆಸರು ‘ಸಮೃದ್ಧಿಯ ಸುವಾರ್ತೆ’. ಎಲ್ಲ ಮೆಗಾ ಚರ್ಚ್‌ಗಳೂ ಇದನ್ನು ಬೋಧಿಸುವುದಿಲ್ಲ. ಇದನ್ನು ಕಟುವಾಗಿ ವಿರೋಧಿಸುವ ಕ್ರೈಸ್ತರ ಸಂಖ್ಯೆಯೇ ದೊಡ್ಡದು. ಆದರೆ ಟಿ.ವಿ.ಯಲ್ಲಿ ಹೆಚ್ಚು ಕಾಣಿಸಿಕೊಂಡದ್ದು ಇದುವೇ. ದೇವನು ತನ್ನ ಭಕ್ತರಿಗೆ ಆರೋಗ್ಯವನ್ನೂ ಐಶ್ವರ್ಯವನ್ನೂ ಕೊಡಬಯಸುತ್ತಾನೆ, ಅದನ್ನು ಪಡೆಯಲು ನೀವು ಮೊದಲು ಕೊಡಬೇಕು, ನೀವು ಕೊಡುವ ಕಾಣಿಕೆಯೇ ಬೀಜ, ಫಸಲು ನೂರ್ಮಡಿಯಾಗಿ ಬರುತ್ತದೆ ಎಂಬುದು ಇದರ ತಿರುಳು. ಈ ‘ಬೀಜ’ದ ಮಾತನ್ನು ಜನಪ್ರಿಯಗೊಳಿಸಿದ ಓರಲ್ ರಾಬರ್ಟ್ಸ್, ಮಾರ್ಚ್ ತಿಂಗಳೊಳಗೆ 80 ಲಕ್ಷ ಡಾಲರ್ ಸಂಗ್ರಹವಾಗದಿದ್ದರೆ ದೇವರು ತನ್ನನ್ನು ಕರೆಸಿಕೊಳ್ಳುತ್ತಾನೆಂದು 1987ರಲ್ಲಿ ವೀಕ್ಷಕರಿಗೆ ಹೇಳಿದರು. ಜಾರ್ಜಿಯಾದ ಕ್ರೆಫ್ಲೊ ಡಾಲರ್ 2015ರಲ್ಲಿ 6.5 ಕೋಟಿ ಡಾಲರ್ ಬೆಲೆಯ ಖಾಸಗಿ ವಿಮಾನಕ್ಕಾಗಿ ಭಕ್ತರ ಮುಂದೆ ಕೈಚಾಚಿದರು. 2018ರಲ್ಲಿ ಲೂಸಿಯಾನದ ಜೆಸ್ಸಿ ಡುಪ್ಲಾಂಟಿಸ್ 5.4 ಕೋಟಿ ಡಾಲರಿನ ವಿಮಾನ ಬೇಕೆಂದರು. ಅದು ಅವರ ಮೊದಲನೆಯ ವಿಮಾನವೂ ಆಗಿರಲಿಲ್ಲ.

ವಿಮಾನವನ್ನು ಬದಿಗಿಡೋಣ. ಈ ಸಿದ್ಧಾಂತದ ನಿಜವಾದ ಕ್ರೌರ್ಯ ಬೇರೆಯೇ ಇದೆ. ಐಶ್ವರ್ಯವೇ ವಿಶ್ವಾಸದ ಪುರಾವೆಯಾದರೆ ಬಡತನ ಯಾವುದರ ಪುರಾವೆ? ವಿಶ್ವಾಸವಿದ್ದವನ ಕಾಯಿಲೆ ಗುಣವಾಗುತ್ತದೆ ಎಂದಾದರೆ, ಕ್ಯಾನ್ಸರಿನಿಂದ ಮಗುವನ್ನು ಕಳಕೊಂಡ ತಾಯಿಗೆ ಏನು ಹೇಳುವುದು? ನಿನ್ನ ವಿಶ್ವಾಸ ಸಾಲದು ಎನ್ನುವುದೇ? ಸಂತ್ರಸ್ತನನ್ನೇ ಅಪರಾಧಿಯಾಗಿಸುವ ಬೋಧನೆ ಇದು. ಬೋಧಕ ಎಂದೂ ಸೋಲುವುದಿಲ್ಲ. ಫಸಲು ಬಂದರೆ ಕೀರ್ತಿ ಅವನದು, ಬಾರದಿದ್ದರೆ ತಪ್ಪು ಭಕ್ತನದು. ಇದೇ ಕ್ರೆಫ್ಲೊ ಡಾಲರ್ 2022ರಲ್ಲಿ, ದಶಾಂಶದ ಬಗ್ಗೆ ತಾನು ಈವರೆಗೆ ಬೋಧಿಸಿದ್ದು ಸರಿಯಲ್ಲ, ಆ ಕುರಿತ ತನ್ನ ಪುಸ್ತಕಗಳನ್ನೆಲ್ಲ ಎಸೆದುಬಿಡಿ ಎಂದರು. ತಪ್ಪೊಪ್ಪಿಗೆಯನ್ನು ನಾವು ಗೌರವಿಸುತ್ತೇವೆ. ಆದರೆ ಬಾಡಿಗೆಗೆಂದು ತೆಗೆದಿಟ್ಟ ಹಣವನ್ನು ಆ ಪುಸ್ತಕಗಳನ್ನು ನಂಬಿ ಕಾಣಿಕೆಗೆ ಹಾಕಿದವರ ಕತೆಯೇನು? ಪುಸ್ತಕವನ್ನು ಎಸೆಯಬಹುದು, ಕೊಟ್ಟ ಹಣವನ್ನು ಹಿಂದಕ್ಕೆ ಕೊಡುವವರು ಯಾರು?

ದೇವಾಲಯದ ಅಂಗಳದಲ್ಲಿ ವ್ಯಾಪಾರಕ್ಕಿಳಿದವರ ಮೇಜುಗಳನ್ನು ಯೇಸು ಬುಡಮೇಲು ಮಾಡಿದರೆಂದು ಕ್ರೈಸ್ತರ ಸುವಾರ್ತೆಗಳೇ ಹೇಳುತ್ತವೆ. ನಾವು ಪ್ರವಾದಿ ಈಸಾ(ಅ) ಎಂದು ಗೌರವಿಸುವ ಆ ಮಹಾತ್ಮರು ಬಡವರ ನಡುವೆ ಬಡವರಾಗಿ ಬದುಕಿದವರು. ಅವರ ಹೆಸರಲ್ಲಿ ವಿಮಾನ ಕೇಳುವುದು ಕ್ರೈಸ್ತರಿಗೂ ನೋವಿನ ವಿಷಯ, ನಮಗೂ ನೋವಿನ ವಿಷಯ.

ಎರಡನೇ ಅಪಾಯ, ಉತ್ತರದಾಯಿತ್ವದ ನಾಶ. ಅಮೇರಿಕದಲ್ಲಿ ಇತರ ಸೇವಾಸಂಸ್ಥೆಗಳು ಪ್ರತಿವರ್ಷ ತೆರಿಗೆ ಇಲಾಖೆಗೆ ಬಹಿರಂಗ ಆದಾಯ ವಿವರ ಸಲ್ಲಿಸಬೇಕು. ಚರ್ಚ್‌ಗಳಿಗೆ ಇದರಿಂದ ವಿನಾಯಿತಿಯಿದೆ. ಧರ್ಮ ಸ್ವಾತಂತ್ರ್ಯದ ದೃಷ್ಟಿಯಿಂದ ಅದಕ್ಕೆ ಸಮರ್ಥನೆ ಇರಬಹುದು. ಆದರೆ ಆ ವಿನಾಯಿತಿಯ ನೆರಳಿನಲ್ಲಿ ಏನೆಲ್ಲ ಬೆಳೆಯಿತು? 2007ರಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಆರು ಪ್ರಸಿದ್ಧ ಟಿ.ವಿ. ಬೋಧಕರ ಸಂಸ್ಥೆಗಳಿಂದ ಲೆಕ್ಕ ಕೇಳಿದರು. ಪೂರ್ಣವಾಗಿ ಸಹಕರಿಸಿದ್ದು ಎರಡು ಸಂಸ್ಥೆಗಳು ಮಾತ್ರ. 2011ರಲ್ಲಿ ಯಾರಿಗೂ ಯಾವ ದಂಡವೂ ಇಲ್ಲದೆ ವಿಚಾರಣೆ ಮುಗಿಯಿತು.

ಇದಕ್ಕೂ ಮೊದಲೇ ಜಿಮ್ ಬೇಕರ್ ಪ್ರಕರಣ ಅಮೇರಿಕವನ್ನು ಎಚ್ಚರಿಸಿತ್ತು. ಸಾವಿರ ಡಾಲರ್ ಕೊಟ್ಟವರಿಗೆ ವರ್ಷಕ್ಕೆ ಮೂರು ರಾತ್ರಿ ತಮ್ಮ ವಿಹಾರಧಾಮದಲ್ಲಿ ಉಚಿತ ವಾಸ ಎಂದು ಅವರು ಟಿ.ವಿ.ಯಲ್ಲಿ ಮಾತುಕೊಟ್ಟಿದ್ದರು. ಇದ್ದ ಕೋಣೆಗಳು ಹಿಡಿಸಲಾರದಷ್ಟು ಮಂದಿಗೆ ಅದನ್ನು ಮಾರಿದರು. 1989ರಲ್ಲಿ ವಂಚನೆ ಸಾಬೀತಾಗಿ 45 ವರ್ಷ ಶಿಕ್ಷೆಯಾಯಿತು. ಅನಂತರ ಅದು ಕಡಿತಗೊಂಡು, ಸುಮಾರು ಐದು ವರ್ಷ ಸೆರೆವಾಸ ಅನುಭವಿಸಿದರು. ಡೇರೆಯಿಂದ ಬೆಳೆದ ಚೋ ಅವರ ಕೊನೆಯೂ ಇದಕ್ಕಿಂತ ಭಿನ್ನವಾಗಲಿಲ್ಲ. ಮಗನ ಕೈಯಲ್ಲಿದ್ದ ಷೇರುಗಳನ್ನು ಮಾರುಕಟ್ಟೆಗಿಂತ ಬಹಳ ಹೆಚ್ಚಿನ ಬೆಲೆಗೆ ಚರ್ಚಿನಿಂದ ಖರೀದಿಸಿ ಸುಮಾರು 1,300 ಕೋಟಿ ವಾನ್ ನಷ್ಟವುಂಟುಮಾಡಿದ್ದು 2014ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ತಂದೆಗೆ ಅಮಾನತಿನಲ್ಲಿಟ್ಟ ಸೆರೆಶಿಕ್ಷೆ, ಮಗನಿಗೆ ಜೈಲು. ದೂರು ಕೊಟ್ಟವರು ಹೊರಗಿನ ಶತ್ರುಗಳಲ್ಲ, ಅದೇ ಚರ್ಚಿನ ಹಿರಿಯರು.

ಸಿಂಗಾಪುರದ ಸಿಟಿ ಹಾರ್ವೆಸ್ಟ್ ಚರ್ಚ್ ಪ್ರಕರಣ ಇನ್ನಷ್ಟು ಆಲೋಚನಾರ್ಹ. ಅದರ ಸಂಸ್ಥಾಪಕ ಕಾಂಗ್ ಹೀ ಅವರ ಪತ್ನಿ ಪಾಪ್ ಗಾಯಕಿ. ಆಕೆಯ ಹಾಡುಗಳ ಮೂಲಕ ಧರ್ಮಪ್ರಚಾರ ಎಂಬ ಹೆಸರಲ್ಲಿ ಚರ್ಚಿನ ಕಟ್ಟಡ ನಿಧಿಯಿಂದ 2.4 ಕೋಟಿ ಸಿಂಗಾಪುರ ಡಾಲರನ್ನು ಹುಸಿ ಬಾಂಡುಗಳ ಮುಖಾಂತರ ಸಾಗಿಸಲಾಯಿತು. ಅದನ್ನು ಮುಚ್ಚಿಡಲು ಇನ್ನೂ 2.6 ಕೋಟಿಯನ್ನು ಬಳಸಲಾಯಿತು. 2015ರಲ್ಲಿ ಆರು ಮಂದಿ ಅಪರಾಧಿಗಳೆಂದು ಸಾಬೀತಾಯಿತು. ಕಾಂಗ್ ಹೀಗೆ ವಿಧಿಸಲಾದ ಎಂಟು ವರ್ಷದ ಶಿಕ್ಷೆಯನ್ನು 2017ರಲ್ಲಿ ಮೇಲ್ಮನವಿಯಲ್ಲಿ ಮೂರೂವರೆ ವರ್ಷಕ್ಕಿಳಿಸಲಾಯಿತು. ಅವರು ಸ್ವಂತ ಲಾಭಕ್ಕಾಗಿ ಹೀಗೆ ಮಾಡಲಿಲ್ಲ, ಚರ್ಚಿನ ಹಿತಕ್ಕೆಂದೇ ಭಾವಿಸಿದ್ದರು ಎಂಬುದನ್ನು ನ್ಯಾಯಾಲಯ ಪರಿಗಣಿಸಿತು. ಗಮನಿಸಬೇಕಾದದ್ದು ಇದನ್ನೇ. ಪ್ರಾಮಾಣಿಕ ಉದ್ದೇಶವು ಲೆಕ್ಕಪತ್ರಕ್ಕೆ ಬದಲಿಯಲ್ಲ. ‘ನಮ್ಮ ಗುರುಗಳು ಒಳ್ಳೆಯವರು’ ಎಂಬ ನಂಬಿಕೆ ನಿಜವೇ ಆಗಿದ್ದರೂ ಅದು ಜನರ ಹಣಕ್ಕೆ ಕಾವಲಾಗುವುದಿಲ್ಲ.

ಹಣಕ್ಕಿಂತ ದೊಡ್ಡ ನಷ್ಟ ಹೆಣ್ಣುಮಕ್ಕಳದ್ದು, ಮಕ್ಕಳದ್ದು. ಮನೆಬಾಗಿಲು ತಟ್ಟಿ ಜನರ ಮಾತು ಕೇಳಿದ್ದ ಅದೇ ವಿಲ್ಲೋ ಕ್ರೀಕ್, 2018ರಲ್ಲಿ ತನ್ನ ಸಂಸ್ಥಾಪಕ ಹೈಬಲ್ಸ್ ವಿರುದ್ಧ ಮಹಿಳೆಯರು ಅನುಚಿತ ವರ್ತನೆಯ ಆರೋಪ ಮಾಡಿದಾಗ ಕಿವಿಗೊಡಲಿಲ್ಲ. ಆರೋಪವೆಲ್ಲ ಸುಳ್ಳು ಎಂದು ಹೈಬಲ್ಸ್ ಹೇಳಿದರು, ಚರ್ಚಿನ ನಾಯಕತ್ವ ಅವರ ಬೆನ್ನಿಗೆ ನಿಂತಿತು. ಕೊನೆಗೆ ಹೈಬಲ್ಸ್ ಸ್ಥಾನ ತೊರೆದರು, ಹಿರಿಯರ ಮಂಡಳಿಯೇ ಕ್ಷಮೆ ಯಾಚಿಸಿ ರಾಜೀನಾಮೆ ನೀಡಿತು. ಮಹಿಳೆಯರ ಮಾತು ನಂಬಲರ್ಹ ಎಂದು 2019ರಲ್ಲಿ ಸ್ವತಂತ್ರ ಸಮಿತಿ ಹೇಳಿತು. ಟೆಕ್ಸಾಸ್‌ನ ಗೇಟ್‌ವೇ ಚರ್ಚ್ ಕಟ್ಟಿದ ರಾಬರ್ಟ್ ಮೋರಿಸ್ 1980ರ ದಶಕದಲ್ಲಿ 12ರ ಹರೆಯದ ಹುಡುಗಿಯ ಮೇಲೆ ನಡೆಸಿದ ದೌರ್ಜನ್ಯ 2024ರಲ್ಲಿ ಬಹಿರಂಗವಾಯಿತು. 2025ರಲ್ಲಿ ಅವರು ತಪ್ಪೊಪ್ಪಿಕೊಂಡರು. ಈ ನಡುವಿನ ದಶಕಗಳಲ್ಲಿ ಅವರು ವೇದಿಕೆಯ ಮೇಲಿದ್ದರು, ನೊಂದವಳು ಮರೆಯಲ್ಲಿದ್ದಳು.

ಮೂರನೇ ಅಪಾಯ ನಮ್ಮನ್ನು ನೇರವಾಗಿ ತಟ್ಟುವಂಥದ್ದು. ತುಂಬಿದ ಸಭಾಂಗಣವೆಂದರೆ ತುಂಬಿದ ಮತಪೆಟ್ಟಿಗೆ ಎಂದು ರಾಜಕಾರಣಿಗಳಿಗೆ ಗೊತ್ತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಬೃಹತ್ ಚರ್ಚ್ ಹೊಂದಿರುವ ಜಾನ್ ಹೇಗಿ 2006ರಲ್ಲಿ ‘ಕ್ರಿಶ್ಚಿಯನ್ಸ್ ಯುನೈಟೆಡ್ ಫಾರ್ ಇಸ್ರೇಲ್’ ಸ್ಥಾಪಿಸಿದರು. ಯಹೂದಿಗಳನ್ನು ಇಸ್ರೇಲಿಗೆ ಅಟ್ಟಲಿಕ್ಕಾಗಿಯೇ ದೇವರು ಹಿಟ್ಲರನನ್ನು ಬಳಸಿದ ಎಂಬರ್ಥದ ಅವರ ಹಳೆಯ ಬೋಧನೆ ಬಯಲಾದಾಗ, 2008ರಲ್ಲಿ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್ ಅವರ ಬೆಂಬಲವನ್ನೇ ತಿರಸ್ಕರಿಸಿದರು. ಆದರೂ 2018ರ ಮೇ 14ರಂದು ಅಮೇರಿಕದ ರಾಯಭಾರ ಕಚೇರಿ ಜೆರುಸಲೇಮಿನಲ್ಲಿ ಉದ್ಘಾಟನೆಯಾದಾಗ ಪ್ರಾರ್ಥನೆ ಸಲ್ಲಿಸಿದವರಲ್ಲಿ ಹೇಗಿ ಇದ್ದರು. ಡಲ್ಲಾಸಿನ ಮೆಗಾ ಚರ್ಚ್ ಪಾಸ್ಟರ್ ರಾಬರ್ಟ್ ಜೆಫ್ರೆಸ್ ಕೂಡ ಇದ್ದರು. ಅದೇ ದಿನ ಗಾಝಾದ ಗಡಿಯಲ್ಲಿ ಸುಮಾರು 60 ಫೆಲೆಸ್ತೀನಿಯರು ಇಸ್ರೇಲಿ ಗುಂಡಿಗೆ ಬಲಿಯಾದರು. ಒಂದೆಡೆ ಆಶೀರ್ವಚನ, ಇನ್ನೊಂದೆಡೆ ಶವಯಾತ್ರೆ.

ಹಾಗಂತ ಇದು ಕ್ರೈಸ್ತ ಧರ್ಮದ ಮುಖ ಎನ್ನೋಣವೇ? 2023ರ ಕ್ರಿಸ್ಮಸ್‌ಗೆ ಬೆತ್ಲೆಹೇಮಿನ ಪುಟ್ಟ ಲೂಥರನ್ ಚರ್ಚಿನಲ್ಲಿ ಪಾಸ್ಟರ್ ಮುಂತರ್ ಇಸಾಕ್ ಕಲ್ಲುಮಣ್ಣಿನ ಅವಶೇಷಗಳ ರಾಶಿಯ ನಡುವೆ ಬಾಲಯೇಸುವಿನ ಮೂರ್ತಿಯನ್ನು ಇರಿಸಿದರು. ಗಾಝಾದ ಮಕ್ಕಳ ಪರವಾಗಿ ಜಗತ್ತಿನ ಆತ್ಮಸಾಕ್ಷಿಯನ್ನು ಕುಟುಕಿದ ಆ ಚರ್ಚಿಗೆ ದೈತ್ಯ ಪರದೆಗಳಿರಲಿಲ್ಲ. ಮೆಗಾ ಚರ್ಚ್‌ಗಳಲ್ಲೂ ಭಿನ್ನರಿದ್ದಾರೆ. ಸ್ಯಾಡಲ್‌ಬ್ಯಾಕ್‌ನ ರಿಕ್ ವಾರೆನ್ ತನ್ನ ಪುಸ್ತಕದಿಂದ ಅಪಾರ ಹಣ ಬಂದಾಗ 25 ವರ್ಷಗಳ ಸಂಬಳವನ್ನು ಚರ್ಚಿಗೆ ಮರಳಿಸಿದರು. 2009ರಲ್ಲಿ ಅಮೇರಿಕದ ಮುಸ್ಲಿಮರ ದೊಡ್ಡ ಸಮ್ಮೇಳನಕ್ಕೆ ಬಂದು, ಬಡತನದ ವಿರುದ್ಧ ಒಟ್ಟಾಗಿ ದುಡಿಯೋಣ ಎಂದರು. ಸಿಯಾಟಲ್‌ನ ಮಾರ್ಸ್ ಹಿಲ್ ಚರ್ಚ್ ತನ್ನ ನಾಯಕ ಮಾರ್ಕ್ ಡ್ರಿಸ್ಕಾಲ್ 2014ರಲ್ಲಿ ರಾಜೀನಾಮೆ ಕೊಟ್ಟ ಕೆಲವೇ ತಿಂಗಳಲ್ಲಿ ಮುಚ್ಚಿಹೋಯಿತು. ಆ ಪತನದ ಕತೆಯನ್ನು 2021ರಲ್ಲಿ ಸರಣಿಯಾಗಿ ಜಗತ್ತಿಗೆ ಹೇಳಿದ್ದು ‘ಕ್ರಿಶ್ಚಿಯಾನಿಟಿ ಟುಡೇ’ ಎಂಬ ಕ್ರೈಸ್ತ ಪತ್ರಿಕೆಯೇ. ತಮ್ಮವರ ತಪ್ಪನ್ನು ತಾವೇ ಬರೆಯುವ ಆ ಎದೆಗಾರಿಕೆ ನಮ್ಮ ಪತ್ರಿಕೆಗಳಲ್ಲಿ ಎಷ್ಟಿದೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ನಾಡಿನ ಸಣ್ಣ ಪ್ರಾರ್ಥನಾ ಮಂದಿರಗಳಿಗೂ ಹ್ಯೂಸ್ಟನ್ನಿನ ಕ್ರೀಡಾಂಗಣಕ್ಕೂ ಸಂಬಂಧವಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಲಿನ ಚರ್ಚ್‌ಗಳ ಮೇಲೆ ದಾಳಿ ನಡೆದಾಗ ಮತಾಂತರದ ಆರೋಪವನ್ನೇ ನೆಪ ಮಾಡಲಾಗಿತ್ತು. ಯಾವುದೋ ಬೋಧಕನ ವಿಮಾನವನ್ನು ತೋರಿಸಿ ಇಲ್ಲಿನ ಬಡ ಕ್ರೈಸ್ತರ ಮೇಲೆ ಕಲ್ಲೆಸೆಯುವವರಿಗೆ ಈ ಬರಹದ ಒಂದಕ್ಷರವೂ ಆಯುಧವಾಗಕೂಡದು. ಯಾವನೋ ಒಬ್ಬ ಮುಸ್ಲಿಮನ ತಪ್ಪಿಗೆ ಇಡೀ ಸಮುದಾಯವನ್ನು ಕಟಕಟೆಗೆ ಏರಿಸುವುದರ ನೋವು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಷ್ಟಕ್ಕೂ ಈ ಕತೆಯನ್ನು ಓದಿ ಹೆಮ್ಮೆಯಿಂದ ಬೀಗುವ ಹಕ್ಕು ನಮಗಿದೆಯೇ? ವೇದಿಕೆ, ಬೆಳಕು, ಜೈಕಾರ, ಬೋಧಕರ ಹೆಸರಲ್ಲಿ ಅಭಿಮಾನಿ ಗುಂಪುಗಳು ನಮ್ಮಲ್ಲಿಲ್ಲವೇ? ಊಟದ ಮೇಜಿನಲ್ಲಿ ನಮ್ಮ ಮಕ್ಕಳ ಮೊಬೈಲಿನಲ್ಲಿ ಮೊಳಗುವ ಪ್ರವಚನಕಾರರಲ್ಲಿ ಎಷ್ಟು ಮಂದಿ ಯಾರಿಗೆ ಉತ್ತರದಾಯಿಗಳು? ನಮ್ಮ ಮಸೀದಿಗಳ ಕಟ್ಟಡ ನಿಧಿಯ ಲೆಕ್ಕ ವರ್ಷಕ್ಕೊಮ್ಮೆಯಾದರೂ ಸೂಚನಾ ಫಲಕದಲ್ಲಿ ಕಾಣಿಸುತ್ತದೆಯೇ? ಪ್ರಶ್ನಿಸಿದವನನ್ನು ನಾವು ‘ಫಿತ್ನಾ ಹುಟ್ಟಿಸುವವನು’ ಎಂದು ಬಾಯಿ ಮುಚ್ಚಿಸುವುದಿಲ್ಲವೇ? ಹಂಚಿದ ಬಟ್ಟೆಯಲ್ಲಿ ನಿಮಗೆ ಹೆಚ್ಚು ಸಿಕ್ಕಿದ್ದು ಹೇಗೆ ಎಂದು ಒಬ್ಬ ಸಾಮಾನ್ಯ ವ್ಯಕ್ತಿ ಮಿಂಬರಿನ ಮೇಲಿದ್ದ ಖಲೀಫ ಉಮರ್(ರ)ರನ್ನು ಕೇಳಿದ ಘಟನೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಅವರು ಸಿಟ್ಟಾಗಲಿಲ್ಲ, ಮಗನಿಂದಲೇ ವಿವರಣೆ ಕೊಡಿಸಿದರು ಎನ್ನುತ್ತೇವೆ. ಆದರೆ ನಮ್ಮ ಊರಿನ ಕಮಿಟಿಯಲ್ಲಿ ಅದೇ ಪ್ರಶ್ನೆ ಕೇಳಿದವನಿಗೆ ಮುಂದಿನ ಸಭೆಗೆ ಕರೆ ಬರುತ್ತದೆಯೇ?

ಇನ್ನೊಂದು ಪಾಠವೂ ಇದೆ. ವ್ಯಸನಿಗೆ, ವಿಚ್ಛೇದಿತೆಗೆ, ಸಾಲಗಾರನಿಗೆ, ಕಂಗೆಟ್ಟ ಹದಿಹರೆಯದವನಿಗೆ ಅಲ್ಲಿ ಒಂದು ಬಾಗಿಲು ತೆರೆದಿದೆ. ನಮ್ಮ ಕೇಂದ್ರಗಳ ಬಾಗಿಲು ಅಂಥವರಿಗೆ ತೆರೆದಿದೆಯೇ, ಅಥವಾ ನಮಾಝ್ ಮುಗಿದೊಡನೆ ಬೀಗ ಬೀಳುತ್ತದೆಯೇ? ಈ ಬೇಡಿಕೆಯನ್ನು ಪ್ರಾಮಾಣಿಕ ಸಂಸ್ಥೆಗಳು ಈಡೇರಿಸದಿದ್ದರೆ ವೇದಿಕೆಯ ಮಾಂತ್ರಿಕರು ಈಡೇರಿಸುತ್ತಾರೆ, ಅದಕ್ಕೆ ಬೆಲೆಯನ್ನೂ ವಸೂಲು ಮಾಡುತ್ತಾರೆ.

ಆದ್ದರಿಂದ ಪ್ರತಿಯೊಂದು ಕುಟುಂಬವೂ ತಾನು ಹಣ ಮತ್ತು ಗೌರವ ಕೊಡುವ ಪ್ರತಿಯೊಬ್ಬ ಬೋಧಕನ ಬಗ್ಗೆ, ಅವನು ಯಾವ ಧರ್ಮದವನೇ ಆಗಿರಲಿ, ಮೂರು ಪ್ರಶ್ನೆ ಕೇಳಲಿ. ಇವನ ಲೆಕ್ಕವನ್ನು ಇವನ ಮನೆಯವರಲ್ಲದ ಯಾರಾದರೂ ಪರಿಶೀಲಿಸುತ್ತಾರೆಯೇ? ಇವನ ವಿರುದ್ಧ ಒಬ್ಬ ಹೆಣ್ಣುಮಗಳು ದೂರಿದರೆ ಕೇಳುವವರು ಇದ್ದಾರೆಯೇ? ಇವನ ಮಾತು ಕೇಳಿ ಮನೆಗೆ ಬಂದ ಬಡವನಿಗೆ ಧೈರ್ಯ ಬರುತ್ತದೆಯೇ, ಅಥವಾ ತಾನೇ ಪಾಪಿ ಎಂಬ ಕೀಳರಿಮೆಯೇ? ಈ ಮೂರಕ್ಕೆ ತೃಪ್ತಿಕರ ಉತ್ತರ ಸಿಗುವ ತನಕ ಕೈಯನ್ನು ಜೇಬಿನಿಂದ ಹೊರತೆಗೆಯದಿರೋಣ. ಮೊದಲ ಪ್ರಶ್ನೆಯನ್ನು ಬರುವ ಶುಕ್ರವಾರ ನಮ್ಮ ಮಸೀದಿಯ ಕಮಿಟಿಗೇ ಕೇಳೋಣ, ಸೌಜನ್ಯದಿಂದ, ಆದರೆ ಉತ್ತರ ಸಿಗುವವರೆಗೆ.